ಸಾಲದ ಸಂಘ ಅಲ್ಲ ಕಣವ್ವಾ!

ಕೊಳ್ಳೇಗಾಲದಲ್ಲಿರುವ ನನ್ನ ಅಕ್ಕನ ಮಗಳು ಡಿಗ್ರಿ ಎರಡನೇ ವರ್ಷದಲ್ಲಿದ್ದಾಳೆ. ಕಳೆದ ವರ್ಷ ಅವರ ಮನೆಗೆ ಹೋದಾಗ ಹುಡುಗಿ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದಳು. ಪರೀಕ್ಷೆಯ ಚಿಂತೆ ಇರಬೇಕೆಂದುಕೊಂಡೆ. ಅಲ್ಲವಂತೆ.

"ಚಿಕ್ಕಿ, ನಮ್ಮ ಸಂಘ ಮುಚ್ಚೋಗುತ್ತೆ" ಅಂದಳು.

ಅದು ಕಾಲೇಜು ಕಟ್ಟಿದ ಸಂಘವಲ್ಲ. ಹಿಂದೆ ಓದಿ ಹೋದ ನಾಲ್ಕೈದು ಹುಡುಗಿಯರು ತಾವೇ ಕಟ್ಟಿಕೊಂಡದ್ದು. ಅದಕ್ಕೆ ಕೋಣೆಯಿಲ್ಲ, ಬೋರ್ಡಿಲ್ಲ, ಅನುದಾನವಂತೂ ಇಲ್ಲವೇ ಇಲ್ಲ. ವಾರಕ್ಕೊಮ್ಮೆ ಮರದ ಕೆಳಗೆ ಸೇರುವುದು, ಹಳೆಯ ಪುಸ್ತಕಗಳನ್ನು ಕೈ ಬದಲಿಸುವುದು, ವಿದ್ಯಾರ್ಥಿವೇತನದ ಅರ್ಜಿ ತುಂಬುವುದಕ್ಕೆ ಒಬ್ಬರಿಗೊಬ್ಬರು ನೆರವಾಗುವುದು, ಸಂಜೆ ಬಸ್ ನಿಲ್ದಾಣದ ತನಕ ಒಟ್ಟಿಗೆ ನಡೆಯುವುದು, ಯಾರದಾದರೂ ಹುಟ್ಟುಹಬ್ಬ ಬಂದರೆ ಕಡ್ಲೆಪುರಿ ಹಂಚುವುದು, ಇಷ್ಟೇ ಅದರ ಕಾರ್ಯಕ್ರಮ. ಆಗ ಉಳಿದಿದ್ದವರು ಆರು ಜನ. ಅವರಲ್ಲಿ ಐವರದು ಕೊನೆಯ ವರ್ಷ.

"ಅವರು ಹೋದ ಮೇಲೆ ನಾನೊಬ್ಬಳೇ ಮರದ ಕೆಳಗೆ ಕೂತ್ರೆ ಅದು ಸಂಘ ಆಗುತ್ತಾ ಚಿಕ್ಕಿ?"

ಹೊಸಬರನ್ನು ಸೇರಿಸಲು ಅವರು ಕಷ್ಟಪಡದೆ ಇರಲಿಲ್ಲ. ಅಡ್ಮಿಷನ್ ದಿನ ಗೇಟಿನ ಹತ್ತಿರ ಮೇಜು ಹಾಕಿ, ಮಿಂಚುಪುಡಿ ಅಂಟಿಸಿದ ಪೋಸ್ಟರ್ ತೂಗುಹಾಕಿದ್ದರು. ಎರಡು ಪುಟದ ಅರ್ಜಿ, ನೂರು ರೂಪಾಯಿ ಸದಸ್ಯ ಶುಲ್ಕ. ಅರ್ಜಿ ತೆಗೆದುಕೊಂಡವರು ಬಹಳ ಜನ. ತಿರುಗಿ ತಂದುಕೊಟ್ಟವರು ಇಬ್ಬರು.

ನಾನು ಒಂದೇ ಪ್ರಶ್ನೆ ಕೇಳಿದೆ. "ನೀವು ಸೇರೋದು ಎಷ್ಟು ಹೊತ್ತಿಗೆ?"

"ಗುರುವಾರ ನಾಲ್ಕೂವರೆಗೆ."

"ಹನೂರು ಕಡೆ ಹುಡುಗೀರ ಬಸ್ಸು?"

"ನಾಲ್ಕೂಕಾಲಿಗೆ" ಎಂದವಳೇ ಬಾಯಿಗೆ ಕೈ ಇಟ್ಟುಕೊಂಡಳು.

ಆ ಕಡೆಯ ದಾರಿ ಬಲ್ಲವರಿಗೆ ಇದು ಅರ್ಥವಾಗುತ್ತದೆ. ಹನೂರು ಈಗ ಬೇರೆ ತಾಲ್ಲೂಕಾದರೂ ಅಲ್ಲಿಂದ ಕೊಳ್ಳೇಗಾಲಕ್ಕೆ ಓದಲು ಬರುವವರು ಇದ್ದೇ ಇದ್ದಾರೆ. ಕೌದಳ್ಳಿ, ರಾಮಾಪುರದ ಹುಡುಗಿಯರು ಹನೂರನ್ನೂ ದಾಟಿ ಹೋಗಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟಿನ ಖರ್ಚು ತಪ್ಪಿತು, ನಿಜ. ಆದರೆ ಟಿಕೆಟ್ ಪುಕ್ಕಟೆ ಅಂತ ಬಸ್ಸು ನಮಗಾಗಿ ಕಾಯುತ್ತದೆಯೇ? ಸಂಘದ ಬಾಗಿಲು ತೆಗೆಯುವ ಹೊತ್ತಿಗೆ ಅದರ ಅಗತ್ಯ ಹೆಚ್ಚಾಗಿದ್ದವರೆಲ್ಲ ಬಸ್ಸು ಹತ್ತಿಯಾಗಿರುತ್ತಿತ್ತು.

ಅಮೆರಿಕದ ಕಾಲೇಜುಗಳಲ್ಲಿ ಇಂಥ ಹುಡುಗಿಯರ ಸಂಘಗಳಿಗೆ ಸೊರಾರಿಟಿ ಅನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ 'ಸೊರಾರ್' ಎಂದರೆ ಅಕ್ಕತಂಗಿ. ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿನಿಯರು 1908ರಲ್ಲಿ ಕಟ್ಟಿದ ಆಲ್ಫಾ ಕಪ್ಪಾ ಆಲ್ಫಾ ಅಂಥದ್ದೊಂದು. ಮುಂದೆ ಅಮೆರಿಕದ ಉಪಾಧ್ಯಕ್ಷೆಯಾದ ಕಮಲಾ ಹ್ಯಾರಿಸ್ ಅದರ ಸದಸ್ಯೆ. ದೊಡ್ಡ ಸೊರಾರಿಟಿಗಳಿಗೆ ದೇಶದ ತುಂಬ ಶಾಖೆಗಳು, ಹಳೆಯ ಸದಸ್ಯೆಯರ ಬೆಂಬಲ ಎಲ್ಲ ಇರುತ್ತದೆ. ಒಂದೇ ಕಾಲೇಜಿನಲ್ಲಿ ಸ್ವತಂತ್ರವಾಗಿ ನಡೆಯುವ ಪುಟ್ಟ ಸಂಘಗಳಿಗೆ ಅದಿಲ್ಲ. ಒಂದು ವರ್ಷ ಹೊಸಬರು ಬರದಿದ್ದರೆ ಅವುಗಳ ಕಥೆ ಮುಗಿಯಿತು.

ನಮ್ಮಲ್ಲೇನೂ ಕಡಿಮೆಯಿಲ್ಲ. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು 1913ರಲ್ಲೇ ಶಾರದಾ ಸ್ತ್ರೀ ಸಮಾಜ ಕಟ್ಟಿದರು. ಹೆಂಗಸರು ಹೊಸ್ತಿಲು ದಾಟಿದರೆ ಹತ್ತು ಮಾತು ಕೇಳಬೇಕಾಗಿದ್ದ ಕಾಲ ಅದು. ಇನ್ನೂ ಹಿಂದಕ್ಕೆ ಹೋದರೆ ಯಳಂದೂರಿನ ಸಂಚಿ ಹೊನ್ನಮ್ಮ ಇದ್ದಾಳೆ. ಹದಿನೇಳನೇ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುತ್ತಿದ್ದ ಹೆಣ್ಣುಮಗಳು 'ಹದಿಬದೆಯ ಧರ್ಮ' ಬರೆದಳು. ಹೆಣ್ಣೆಂದು ಹೀಗಳೆಯುವವರನ್ನು ಅದರಲ್ಲೇ ಪ್ರಶ್ನಿಸಿದಳು. ಅವಳ ಊರಿನ ಮಗ್ಗುಲಲ್ಲಿ ಆರು ಹುಡುಗಿಯರ ಸಂಘ ಮುಚ್ಚಿಹೋಗುವುದು ನನಗೂ ಸರಿಕಾಣಲಿಲ್ಲ.

ಮೊದಲು ಸಭೆಯನ್ನು ಮಧ್ಯಾಹ್ನದ ಊಟದ ಬಿಡುವಿಗೆ ತಂದರು. ಶುಲ್ಕ ತೆಗೆದರು. ಎರಡು ಪುಟದ ಅರ್ಜಿಯೂ ಹೋಯಿತು. ಕೊನೆಗೆ ನಾನೊಂದು ಮಾತು ಹೇಳಿದೆ: "ಪೋಸ್ಟರ್ ಊರಿಗೆಲ್ಲ ಹೇಳುತ್ತೆ, ಯಾರ ಹೆಸರನ್ನೂ ಹಿಡಿದು ಕರೆಯಲ್ಲ. ಮದುವೆಗೆ ಬರೀ ಪತ್ರಿಕೆ ಕಳಿಸಿದ್ರೆ ಎಷ್ಟು ಜನ ಬರ್ತಾರೆ, ಮನೆಗೆ ಹೋಗಿ ಕುಂಕುಮ ಇಟ್ಟು ಕರೆದ್ರೆ ಎಷ್ಟು ಜನ ಬರ್ತಾರೆ, ನೀನೇ ಯೋಚನೆ ಮಾಡು."

ಅವಳು ಅದನ್ನು ಅಕ್ಷರಶಃ ಹಿಡಿದಳು. ಲೊಕ್ಕನಹಳ್ಳಿ ಕಡೆಯ ಒಬ್ಬ ಹುಡುಗಿ, ಲೆಕ್ಕದಲ್ಲಿ ಚುರುಕು, ಹತ್ತು ದಿನದಿಂದ ಕಾಲೇಜಿಗೆ ಬಂದಿರಲಿಲ್ಲ. ಮುಂದಿನ ಭಾನುವಾರ ಅವಳ ಮನೆಗೇ ಹೊರಟೆವು. ಜೊತೆಗೆ ದೊಡ್ಡವರೊಬ್ಬರು ಇರಲಿ ಅಂತ ನಾನು.

ಅವಳ ತಾಯಿ ಜಗುಲಿಯ ಮೇಲೆ ಮುಸುಕಿನ ಜೋಳದ ಕಾಳು ಬಿಡಿಸುತ್ತಿದ್ದರು. ನೀರು ಕೊಟ್ಟು ಕೂರಿಸಿದರು. ಸಂಘ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಕೈ ನಿಂತುಹೋಯಿತು.

"ಸಂಗ್ವಾ? ಬ್ಯಾಡ ಕನವ್ವ. ನನ್ ತಲೆ ಮ್ಯಾಲೆ ಆಗ್ಲೇ ಎರಡ್ ಸಂಗ ಅವೆ. ವಾರಾ ವಾರಾ ಕಟ್ಟಿ ಸಾಕಾಗದೆ. ಮಗೀಗೂ ಒಂದ ಅಂಟಿಸ್ಬ್ಯಾಡಿ."

ನನಗೆ ನಗುವೂ ಬಂತು, ಹೊಟ್ಟೆಯೂ ಚುರ್ ಎಂದಿತು. 2000-01ರಲ್ಲಿ ಸ್ತ್ರೀಶಕ್ತಿ ಗುಂಪುಗಳು ಶುರುವಾದವು. ಖಾಸಗಿಯವರ ಸಾಲದ ಗುಂಪುಗಳೂ ಹಳ್ಳಿಗೆ ಬಂದವು. ಆ ತಾಯಿಯ ಪಾಲಿಗೆ ಸಂಘ ಎಂದರೆ ಕಂತು.

"ಸಾಲದ ಸಂಘ ಅಲ್ಲ ಕಣವ್ವಾ, ದುಡ್ಡೇ ಕಟ್ಟೋ ಹಾಗಿಲ್ಲ" ಎಂದಳು ನಮ್ಮ ಹುಡುಗಿ.

"ಕಟ್ಟೂದೂ ಇಲ್ಲ, ಕೊಡೂದೂ ಇಲ್ಲ. ಮತ್ತ್ಯಾಕವ್ವ ಸಂಗ?"

ಇಷ್ಟು ನೇರವಾದ ಪ್ರಶ್ನೆಯನ್ನು ಆ ಪೋಸ್ಟರ್ ಬರೆದವರು ಯಾರೂ ತಮಗೆ ತಾವು ಕೇಳಿಕೊಂಡಿರಲಿಲ್ಲ. ನಾನೂ ತಡವರಿಸಿದೆ. ನಮ್ಮ ಹುಡುಗಿ ಒಂದು ಕ್ಷಣ ಸುಮ್ಮನಿದ್ದು ಕೇಳಿದಳು. "ಇವಳು ಕಾಲೇಜಿಗೆ ಬರದೆ ಹತ್ತು ದಿನ ಆಯ್ತಲ್ಲ ಅವ್ವಾ, ಯಾರಾದ್ರೂ ಯಾಕೆ ಅಂತ ಕೇಳ್ಕೊಂಡು ಬಂದ್ರಾ?"

"ಇಲ್ಲ."

"ನಾವು ಬಂದ್ವಲ್ಲ, ಅದಕ್ಕೇ ಸಂಘ."

ಆ ತಾಯಿ ಮಾತಾಡಲಿಲ್ಲ. ಒಳಗೆ ಹೋಗಿ ಮಗಳನ್ನು ಕರೆದರು. ಆಮೇಲೆ ವಿಷಯ ತಿಳಿಯಿತು. ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು. ವಿದ್ಯಾರ್ಥಿವೇತನದ ಅರ್ಜಿ ಅಲ್ಲೇ ನಿಂತಿತ್ತು. ಯಾರನ್ನು ಕೇಳಬೇಕೆಂದು ತಿಳಿಯದ ಹುಡುಗಿ, ಓದು ಬಿಟ್ಟು ಚಿಕ್ಕಪ್ಪನ ಮಗಳ ಜೊತೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೊರಡಲು ಬ್ಯಾಗು ತುಂಬಿಟ್ಟಿದ್ದಳು. ಹೋದ ವರ್ಷ ಸಂಘದಲ್ಲೇ ಇಬ್ಬರಿಗೆ ಇದೇ ತೊಡಕು ಬಂದು ಸರಿಯಾಗಿತ್ತು. ಯಾವ ಕಾಗದ, ಯಾವ ಕೌಂಟರು ಎಂಬುದೆಲ್ಲ ನಮ್ಮ ಹುಡುಗಿಗೆ ಬಾಯಿಪಾಠ. ಬರುವಾಗ ಆ ತಾಯಿ ಒಂದು ಚೀಲ ಜೋಳದ ತೆನೆ ಕೊಟ್ಟರು. "ಇದು ಕಂತಲ್ಲ ಕನವ್ವ" ಅಂತ ನಕ್ಕರು.

ಎಲ್ಲ ಮನೆಯಲ್ಲೂ ಹೀಗೇ ಆಯಿತು ಎಂದರೆ ಸುಳ್ಳಾಗುತ್ತದೆ. ಯಳಂದೂರಿನ ಹತ್ತಿರದ ಒಂದು ಹಳ್ಳಿಗೆ ನಾವು ಹೋಗುವ ಹೊತ್ತಿಗೆ ಆ ಹುಡುಗಿಯ ಮದುವೆಗೆ ಚಪ್ಪರ ಹಾಕುತ್ತಿದ್ದರು. ಊಟ ಮಾಡಿಕೊಂಡೇ ಹೋಗಿ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮ ಹುಡುಗಿ ಮಾತೇ ಆಡಲಿಲ್ಲ. ಕೊಳ್ಳೇಗಾಲದಲ್ಲಿ ಇಳಿಯುವಾಗ ಇಷ್ಟೇ ಅಂದಳು: "ಒಂದು ತಿಂಗಳು ಮೊದ್ಲೇ ಹೋಗ್ಬೇಕಿತ್ತು ಚಿಕ್ಕಿ."

ಈಗ ಸಂಘದಲ್ಲಿ ಹದಿಮೂರು ಜನ ಇದ್ದಾರೆ. ಏಳು ಮಂದಿ ಮೊದಲ ವರ್ಷದವರು, ಹಾಗಾಗಿ ಇನ್ನೆರಡು ವರ್ಷಕ್ಕೆ ಚಿಂತೆಯಿಲ್ಲ. ಲೊಕ್ಕನಹಳ್ಳಿ ಕಡೆಯ ಹುಡುಗಿ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಅದರಲ್ಲಿ ಸಭೆಗೆ ಬಂದವರ ಹೆಸರಿಲ್ಲ. ಬಾರದವರ ಹೆಸರಿದೆ, ಪಕ್ಕದಲ್ಲಿ ಅವರನ್ನು ವಿಚಾರಿಸಬೇಕಾದವರ ಹೆಸರು.

ಮಕ್ಕಳೇ, ನಿಮ್ಮ ತರಗತಿಯಲ್ಲೂ ಯಾರದಾದರೂ ಜಾಗ ಮೂರು ದಿನದಿಂದ ಖಾಲಿ ಇರಬಹುದು. ಹಾಜರಿ ಕೂಗುವಾಗ ಮೇಷ್ಟರು 'ಆಬ್ಸೆಂಟ್' ಅಂತ ಬರೆದುಕೊಳ್ಳುತ್ತಾರೆ. ನೀವು ಸಂಜೆ ಅವರ ಮನೆ ತನಕ ಹೋಗಿಬನ್ನಿ. ಅಪ್ಪ ಅಮ್ಮಂದಿರೇ, "ನಿನಗ್ಯಾಕೆ ಊರ ಉಸಾಬರಿ?" ಅಂತ ಈ ಒಂದು ವಿಷಯಕ್ಕೆ ಗದರಬೇಡಿ. ಆದರೆ ನೀವೂ ಜೊತೆಗೆ ಹೋಗಿ.