ಗುರುಗಳು ಒಪ್ಪಲಿಲ್ಲ

ಆಚಾರ್ಯ ಸಮಂತಭದ್ರರಿಗೆ ಭಸ್ಮಕ ವ್ಯಾಧಿ ತಗುಲಿತ್ತು. ಉಂಡದ್ದೆಲ್ಲ ಉರಿದುಹೋಗುವಂಥ ಹಸಿವು. ಮುನಿವ್ರತಕ್ಕೆ ಭಂಗ ಬಾರದಿರಲೆಂದು ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಒಪ್ಪಲಿಲ್ಲ. ದೀಕ್ಷೆಯನ್ನು ಬಿಟ್ಟಾದರೂ ರೋಗ ವಾಸಿಮಾಡಿಕೊಂಡು ಬದುಕಬೇಕೆಂದರು ಎನ್ನುತ್ತದೆ ಪರಂಪರೆಯ ಕಥನ. ಗುಣಹೊಂದಿದ ಅವರು ಮತ್ತೆ ದೀಕ್ಷೆ ಪಡೆದರು. ಸಲ್ಲೇಖನದ ನಿಯಮಗಳನ್ನು ತಿಳಿಸುವ ‘ರತ್ನಕರಂಡಕ ಶ್ರಾವಕಾಚಾರ’ ಇವರದೇ ಕೃತಿ. ಸಾವನ್ನು ಬಯಸುವುದು ಅಲ್ಲಿ ಅತಿಚಾರ, ಅಂದರೆ ವ್ರತದೋಷ.

ಇಂದು ಬದುಕು ಭಾರವಾದವರು ತಮ್ಮಂತೆಯೇ ನೊಂದ ಅಪರಿಚಿತರನ್ನು ಮೊಬೈಲಿನಲ್ಲಿ ಹುಡುಕಿಕೊಂಡು ಸಾವಿನ ಮಾತನ್ನಾಡುತ್ತಾರೆ. ಅವರನ್ನು ಹಳಿಯಲಾರೆ. ಮನೆಯಲ್ಲಿ ಹೇಳಿದರೆ ಬೈಗುಳ, ಬಸದಿಯಲ್ಲಿ ಹೇಳಿದರೆ ಪಾಪದ ಉಪದೇಶ. ಅಲ್ಲಿ ಕೇಳುವ ಕಿವಿಯಾದರೂ ಉಂಟು. ಆದರೆ ತಲೆದೂಗುವವರೇ ತುಂಬಿದ ಕೂಟದಲ್ಲಿ ‘ಬೇಡ’ ಎನ್ನುವ ಗುರುವೆಲ್ಲಿ?

ದರ್ಶನ, ಚಾರಿತ್ರಗಳಿಂದ ಜಾರುವವರನ್ನು ಹಿಡಿದು ನಿಲ್ಲಿಸುವುದು ಸ್ಥಿತಿಕರಣ, ಸಮ್ಯಗ್ದರ್ಶನದ ಎಂಟು ಅಂಗಗಳಲ್ಲೊಂದು. ಬದುಕಿನಿಂದಲೇ ಜಾರುತ್ತಿರುವವರಿಗೆ ಅದು ಸಲ್ಲಬೇಡವೆ? ಸಾಯಬೇಕೆನಿಸುತ್ತಿದೆಯೇ ಎಂದು ಅಕ್ಕರೆಯಿಂದ, ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ‘ಹೌದು’ ಎಂದರೆ ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು.