ಮೊದಲ ಪಂಕ್ತಿ ಯಾರಿಗೆ?

ಅಮೆರಿಕದ ಒಂದು ಸಣ್ಣ ಊರಿನಲ್ಲಿ ಓದುತ್ತಿದ್ದ ಎರಡು ವರ್ಷ ನನ್ನ ಮಂಗಳವಾರದ ಸಂಜೆಗಳು ಒಂದು ಕ್ರಾಫ್ಟ್ ಬ್ರೂವರಿಯಲ್ಲಿ ಕಳೆದವು. ಜನವರಿಯ ಚಳಿಗೆ ಊರೆಲ್ಲ ಬಾಗಿಲು ಹಾಕಿಕೊಂಡಾಗಲೂ ಅಲ್ಲಿ ಹತ್ತು ಹನ್ನೆರಡು ಜನ ಇರುತ್ತಿದ್ದೆವು. ನಿವೃತ್ತ ಶಾಲಾಬಸ್ ಚಾಲಕರೊಬ್ಬರು, ಒಬ್ಬ ನರ್ಸ್, ಒಂದೇ ಲೋಟ ಹಿಡಿದು ಎರಡು ಗಂಟೆ ಕೂರುವ ನನ್ನಂಥ ವಿದ್ಯಾರ್ಥಿಗಳು. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ, ಇದು ಈ ಊರಿನ ಬಿಯರ್ ಎಂದು ಬರೆದಿತ್ತು.

ನವೆಂಬರಿನಲ್ಲಿ ಅವರು ಬೂರ್ಬನ್ ಪೀಪಾಯಿಗಳಲ್ಲಿ ವರ್ಷವಿಡೀ ಮಾಗಿಸಿದ ಸ್ಟೌಟ್ ಬಿಡುಗಡೆ ಮಾಡಿದರು. ಬಾಗಿಲು ತೆರೆದು ಅರ್ಧ ಗಂಟೆಗೆ ಮುಗಿಯಿತು. ಬಸ್ ಚಾಲಕರಿಗೂ ಸಿಗಲಿಲ್ಲ, ನನಗೂ ಸಿಗಲಿಲ್ಲ. ಆ ವಾರವೇ ನ್ಯೂಯಾರ್ಕಿನಲ್ಲಿರುವ ದೊಡ್ಡಮ್ಮನ ಮಗ ಫೋಟೋ ಕಳಿಸಿದ. ಅಂಗಡಿಯ ಶೆಲ್ಫಿನ ಮೇಲೆ ಅದೇ ಬಾಟಲಿಗಳು ಸಾಲಾಗಿ ನಿಂತಿದ್ದವು. ‘ನಿಮ್ಮೂರಂದ ಅಂತಲ್ಲೋ, ಭಾಳ ಛಲೋ ಅದ’ ಎಂದು ಕೆಳಗೆ ಬರೆದಿದ್ದ.

ಮುಂದಿನ ಮಂಗಳವಾರ ಇದನ್ನು ಕೇಳಿದಾಗ ಮಾಲೀಕರು ನಗುತ್ತಲೇ ಹೇಳಿದರು: ‘ಹೆಸರು ಬರಬೇಕಲ್ಲ, ಹೊರಗೆ ಕಳಿಸಲೇಬೇಕು.’ ಆ ಮಾತಿನ ಮೇಲೆ ನನಗಿರುವ ತಕರಾರೇ ಈ ಬರಹ.

ನಮ್ಮ ಕಡೆ ಊಟದ ಮನೆಯಲ್ಲಿ ಮೊದಲ ಪಂಕ್ತಿಗೆ ಯಾರು ಕೂರುತ್ತಾರೆ ಎಂಬುದರಲ್ಲೇ ಆ ಮನೆಯ ಮರ್ಯಾದೆಯೆಲ್ಲ ಬಯಲಾಗುತ್ತದೆ. ನೀರು ಹೊತ್ತವರು, ಎಲೆ ಹಾಸಿದವರು, ಪಾತ್ರೆ ತಿಕ್ಕುವವರು ಕೊನೆಯ ಪಂಕ್ತಿಗೆ. ಹೊರಗಿನಿಂದ ಕಾರಿನಲ್ಲಿ ಬಂದಿಳಿದವರು ಮೊದಲಿಗೆ. ಕ್ರಾಫ್ಟ್ ಬಿಯರಿನ ಲೋಕ ಇದೇ ಪಂಕ್ತಿಭೇದವನ್ನು ‘ಮಾರುಕಟ್ಟೆ ವಿಸ್ತರಣೆ’ ಎಂದು ಕರೆಯುತ್ತದೆ.

ಲೆಕ್ಕ ನೋಡಿ. ಅಮೆರಿಕದಲ್ಲಿ 1933ರಲ್ಲಿ ಪಾನನಿಷೇಧ ಹೋದ ಮೇಲೆ ಬಹುತೇಕ ರಾಜ್ಯಗಳು ಮೂರು ಹಂತದ ವ್ಯವಸ್ಥೆ ತಂದವು. ತಯಾರಿಸುವವನು ವಿತರಕನಿಗೆ, ವಿತರಕ ಅಂಗಡಿಗೆ, ಅಂಗಡಿ ಗಿರಾಕಿಗೆ ಮಾರಬೇಕು. ಬ್ರೂವರಿ ತನ್ನ ಕೋಣೆಯಲ್ಲೇ ಲೋಟಕ್ಕೆ ಸುರಿದು ಮಾರಿದರೆ ಮಧ್ಯೆ ಯಾರ ಪಾಲೂ ಇಲ್ಲ. ದೂರಕ್ಕೆ ಕಳಿಸಿದರೆ ಇಬ್ಬರ ಪಾಲು ಕಳೆದು ಉಳಿದದ್ದು ಮಾತ್ರ ಕೈಗೆ. ಅಂದರೆ ಅಪರೂಪದ ಬಿಯರನ್ನು ದೂರಕ್ಕೆ ಕಳಿಸಿದರೆ ಆ ಬಾಟಲಿಯ ಮೇಲಿನ ಲಾಭ ಕಡಿಮೆ. ಹಾಗಿದ್ದೂ ಕಳಿಸುವುದೇಕೆ?

ಏಕೆಂದರೆ ಆ ಬಾಟಲಿ ಗಾಳಕ್ಕೆ ಸಿಕ್ಕಿಸಿದ ಎರೆಹುಳು. ಅದರ ಹೆಸರಿನಲ್ಲಿ ದೂರದ ಅಂಗಡಿಯ ಶೆಲ್ಫಿನಲ್ಲಿ ಮಾಮೂಲಿ ಬಿಯರಿಗೂ ಜಾಗ ಸಿಗುತ್ತದೆ. ಒಂದರ ಜೊತೆ ಇನ್ನೊಂದನ್ನು ಕೊಳ್ಳಲೇಬೇಕೆಂದು ಕಟ್ಟಿಹಾಕಿ ಮಾರುವುದನ್ನು ಅಲ್ಲಿನ ಒಕ್ಕೂಟ ಸರ್ಕಾರ ನಿಷೇಧಿಸಿದೆ, ನಿಜ. ಆದರೆ ‘ಹೆಚ್ಚು ಕೊಳ್ಳುವ ಅಂಗಡಿಗೆ ಮೊದಲು’ ಎಂಬ ಬಾಯಿಮಾತನ್ನು ಯಾವ ಕಾಯ್ದೆ ಹಿಡಿದೀತು? ಯೂರಿಯಾ ಕೇಳಿದರೆ ಬೇಡದ ಡಬ್ಬಿಯೊಂದನ್ನೂ ಕೈಗಿಡುವ ಗೊಬ್ಬರದಂಗಡಿಯನ್ನು ಕಂಡ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೇರೆ ದಾರಿಯೇ ಇಲ್ಲ ಎನ್ನುವವರು ವಿಸ್ಕಾನ್ಸಿನ್ ಕಡೆ ನೋಡಲಿ. 1993ರಲ್ಲಿ ಶುರುವಾದ ನ್ಯೂ ಗ್ಲಾರಸ್ ಬ್ರೂವರಿ ತನ್ನ ರಾಜ್ಯದ ಗಡಿಯಾಚೆ ಬಿಯರ್ ಮಾರುವುದಿಲ್ಲ. ಹಿಂದೆ ಪಕ್ಕದ ಇಲಿನಾಯ್‌ಗೆ ಕಳಿಸುತ್ತಿತ್ತು. ಮನೆಯ ಗಿರಾಕಿಗಳಿಗೇ ಸಾಲುತ್ತಿಲ್ಲವೆಂದು ನಿಲ್ಲಿಸಿತು. ಅದರಿಂದ ಮುಳುಗಿತೇ? ಇಲ್ಲ, ದೇಶದ ದೊಡ್ಡ ಕ್ರಾಫ್ಟ್ ಬ್ರೂವರಿಗಳ ಸಾಲಿನಲ್ಲಿ ನಿಂತಿತು. ಡಾಗ್‌ಫಿಶ್ ಹೆಡ್ ಎಂಬ ಹೆಸರಾಂತ ಬ್ರೂವರಿ 2011ರಲ್ಲಿ, ಬೇಡಿಕೆ ಪೂರೈಸಲಾಗದೆ, ನಾಲ್ಕು ರಾಜ್ಯಗಳಿಂದ ತಾನಾಗಿಯೇ ಹಿಂದೆ ಸರಿಯಿತು. ಎಲ್ಲರಿಗೂ ಚೂರುಚೂರು ಹಂಚಿ ಯಾರಿಗೂ ತೃಪ್ತಿಯಿಲ್ಲದಂತೆ ಮಾಡುವುದಕ್ಕಿಂತ, ಕೆಲವರಿಗೆ ಇಲ್ಲವೆಂದು ಬಾಯಿಬಿಟ್ಟು ಹೇಳುವುದು ಮರ್ಯಾದೆಯ ಕೆಲಸ.

ಊರಿನವರಿಗೇ ಮೊದಲು ಎನ್ನುವುದಕ್ಕೆ ರುಚಿಯ ಕಾರಣವನ್ನೂ ಕೊಡುತ್ತಾರೆ. ಐಪಿಎಯಂಥ ಬಿಯರಿನಲ್ಲಿ ಹಾಪ್ಸ್ ಹೂವಿನ ಘಮ ವಾರಗಳಲ್ಲೇ ಮಸಕಾಗುತ್ತದೆ, ಬಿಸಿಲು ಶಾಖ ತಗುಲಿದರೆ ಇನ್ನೂ ಬೇಗ. ಇದು ಸರಿಯಾದ ಮಾತು. ಆದರೆ ನನ್ನ ವಾದ ಇದರ ಮೇಲೆ ನಿಂತಿಲ್ಲ. ನನಗೆ ಸಿಗದೆ ಹೋದ ಸ್ಟೌಟ್ ವರ್ಷಗಟ್ಟಲೆ ಕೆಡದೆ ಇರುವಂಥದ್ದು. ಅದು ನ್ಯೂಯಾರ್ಕಿಗೂ ಚೆನ್ನಾಗಿಯೇ ತಲುಪಿತು. ಇಲ್ಲಿ ಪ್ರಶ್ನೆ ಋಣದ್ದು. ಕುದಿಯುವ ಮಾಲ್ಟಿನ ವಾಸನೆ ಸಹಿಸಿದ್ದು ಯಾರು, ಲಾರಿಗಳ ಗದ್ದಲ ಕೇಳಿದ್ದು ಯಾರು, ಮೊದಲ ವರ್ಷದ ಕೆಟ್ಟ ಬಿಯರನ್ನು ಕುಡಿದು ‘ಪರವಾಗಿಲ್ಲ’ ಎಂದವರು ಯಾರು?

ಇಷ್ಟು ಹೇಳಿ ಕೈತೊಳೆದುಕೊಂಡರೆ ನಾನೂ ಗೋಡೆಬರಹದವರ ಸಾಲಿಗೆ ಸೇರುತ್ತೇನೆ. ಊರೊಳಗೇ ಮಾರಿದ ಮಾತ್ರಕ್ಕೆ ನ್ಯಾಯವಾಗುವುದಿಲ್ಲ. ವರ್ಮಾಂಟಿನ ವಾಟರ್‌ಬರಿಯ ದಿ ಆಲ್ಕೆಮಿಸ್ಟ್ ಬ್ರೂವರಿ ತನ್ನ ‘ಹೆಡಿ ಟಾಪರ್’ ಅನ್ನು ಸುತ್ತಮುತ್ತ ಮಾತ್ರ ಮಾರಿತು. ದೂರದವರು ಸುಮ್ಮನಿದ್ದಾರೆಯೇ? ಕಾರು ಹತ್ತಿ ಬಂದರು. ವಾಹನದ ದಟ್ಟಣೆಗೆ ನೆರೆಯವರು ರೋಸಿಹೋಗಿ, 2013ರಲ್ಲಿ ಬ್ರೂವರಿ ತನ್ನ ಚಿಲ್ಲರೆ ಮಳಿಗೆಯನ್ನೇ ಮುಚ್ಚಬೇಕಾಯಿತು. ಅದೇ ವರ್ಷ ಐದು ಕೇಸು ಹೆಡಿ ಟಾಪರನ್ನು 825 ಡಾಲರಿಗೆ ಕಾಳಸಂತೆಯಲ್ಲಿ ಮಾರಿದ್ದಕ್ಕೆ ವರ್ಮಾಂಟಿನಲ್ಲಿ ಒಬ್ಬರ ಮೇಲೆ ಮೊಕದ್ದಮೆಯೂ ಬಿತ್ತು. ಸಾಂಟಾ ರೋಸಾದಲ್ಲಿ ವರ್ಷಕ್ಕೊಮ್ಮೆ ಬರುವ ‘ಪ್ಲೈನಿ ದ ಯಂಗರ್’ಗಾಗಿ ಜನ ಗಂಟೆಗಟ್ಟಲೆ ಸಾಲು ನಿಲ್ಲುತ್ತಾರೆ. ಕೆಲಸದ ದಿನ ಹಾಗೆ ನಿಲ್ಲಬಲ್ಲವರು ಯಾರು? ರಜೆ ಇದ್ದವರು, ವಿಮಾನ ಹತ್ತಿ ಬಂದವರು. ಪಕ್ಕದ ಬೀದಿಯಲ್ಲಿ ಪಾಳಿ ಕೆಲಸ ಮಾಡುವವರು ಆ ಸಾಲಿನಲ್ಲಿ ನಿಂತಾರೆಯೇ? ಸಾಲು ಎಲ್ಲರಿಗೂ ಸಮ ಎನ್ನುವುದು ಸಾಲಿನಲ್ಲಿ ನಿಲ್ಲಲು ಪುರಸೊತ್ತಿದ್ದವರ ಮಾತು.

ಬೆಂಗಳೂರಿಗೇ ಬನ್ನಿ. ನಮ್ಮ ಮೈಕ್ರೋಬ್ರೂವರಿಗಳು ಕಾಯಿಸಿದ ಬಿಯರನ್ನು ಅಲ್ಲೇ ಕುಡಿಸಬೇಕು, ಬಾಟಲಿ ತುಂಬಿ ಹೊರಗೆ ಕಳಿಸುವಂತಿಲ್ಲ ಎಂಬುದು ಬಹುಕಾಲ ಲೈಸೆನ್ಸಿನ ಷರತ್ತಾಗಿತ್ತು. 2020ರ ಲಾಕ್‌ಡೌನಿನಲ್ಲಿ ಕೆಲವು ದಿನ ಪಾತ್ರೆಯಲ್ಲಿ ಒಯ್ಯಲು ಬಿಟ್ಟದ್ದು ವಿನಾಯಿತಿ. ಅಂದರೆ ಅಮೆರಿಕದ ಆದರ್ಶವಾದಿಗಳು ಕನಸುವುದು ಇಲ್ಲಿ ಕಾಯ್ದೆಯಾಗಿಯೇ ಇತ್ತು. ಫಲ ಏನು? ಇಂದಿರಾನಗರದ ಮಾವಿನ ಬಿಯರ್ ಇಂದಿರಾನಗರ ಬಿಟ್ಟು ಹೋಗುತ್ತಿರಲಿಲ್ಲ, ನಿಜ. ಆದರೆ ಅದೇ ಬಾಗಿಲಲ್ಲಿ ರಾತ್ರಿಯಿಡೀ ನಿಲ್ಲುವ ಸೆಕ್ಯುರಿಟಿಯವರ ನಾಲಿಗೆಯನ್ನೂ ಮುಟ್ಟುತ್ತಿರಲಿಲ್ಲ. ‘ಸ್ಥಳೀಯ’ ಎಂಬ ಪದ ನೆಲವನ್ನು ಅಳೆಯುತ್ತದೆ, ಜೇಬನ್ನು ಅಳೆಯುವುದಿಲ್ಲ.

ಹಾಗಾದರೆ ಮಾಡುವುದೇನು? ಬೆಲ್ಜಿಯಮ್ಮಿನ ಸೇಂಟ್ ಸಿಕ್ಸ್ಟಸ್ ಮಠದ ಸನ್ಯಾಸಿಗಳನ್ನು ನಾನು ಉದಾಹರಣೆಯಾಗಿ ಇಡುತ್ತೇನೆ. ಅವರ ವೆಸ್ಟ್‌ವ್ಲೆಟೆರೆನ್ 12 ಬಿಯರನ್ನು 2005ರಲ್ಲಿ ಜಗತ್ತಿನಲ್ಲೇ ಶ್ರೇಷ್ಠವೆಂದು ಸಾರಿದಾಗ ಬೇಡಿಕೆ ಉಕ್ಕಿತು. ಅವರು ತಯಾರಿಕೆ ಹೆಚ್ಚಿಸಲಿಲ್ಲ; ಮಠ ನಡೆಯಲು ಎಷ್ಟು ಬೇಕೋ ಅಷ್ಟೇ ಎಂದರು. ಮುಂಗಡ ಕಾಯ್ದಿರಿಸಬೇಕು, ಒಬ್ಬರಿಗೆ ಇಷ್ಟೇ ಕ್ರೇಟು, ಮರುಮಾರಾಟ ಕೂಡದು. 2012ರಲ್ಲಿ ಮಠದ ಕಟ್ಟಡದ ಖರ್ಚಿಗೆ ಹಣ ಬೇಕಾದಾಗ ಒಮ್ಮೆ ಹೊರದೇಶಕ್ಕೂ ಕಳಿಸಿದರು. ಏಕೆಂದು ಹೇಳಿ ಕಳಿಸಿದರು, ಆಮೇಲೆ ನಿಲ್ಲಿಸಿದರು. 2018ರಲ್ಲಿ ನೆದರ್ಲೆಂಡ್ಸಿನ ಸೂಪರ್‌ಮಾರ್ಕೆಟೊಂದು ಅವರನ್ನು ಕೇಳದೆ ಹಲವು ಪಟ್ಟು ಬೆಲೆಗೆ ಮಾರಿದಾಗ ಬಹಿರಂಗವಾಗಿಯೇ ಖಂಡಿಸಿದರು. ಮರುವರ್ಷ ಫೋನು ಬಿಟ್ಟು ಆನ್‌ಲೈನ್ ಕಾಯ್ದಿರಿಸುವಿಕೆ ತಂದು, ಬಹುಕಾಲ ಕೊಳ್ಳದವರಿಗೆ ಆದ್ಯತೆ ಕೊಟ್ಟರು. ಅವರ ಪದ್ಧತಿಯಲ್ಲಿ ಕುಂದಿಲ್ಲವೆಂದಲ್ಲ. ಆದರೆ ಅಲ್ಲಿ ನಿಯಮ ಎಲ್ಲರಿಗೂ ಕಾಣುವಂತಿದೆ.

ನಾನು ಕೇಳುವುದೂ ಇಷ್ಟೇ. ಎಷ್ಟು ಪೀಪಾಯಿ ಮಾಡಿದಿರಿ, ಎಷ್ಟು ಊರಲ್ಲಿ ಉಳಿಯಿತು, ಎಷ್ಟು ಎಲ್ಲಿಗೆ ಹೋಯಿತು ಎಂದು ಬಾಗಿಲಲ್ಲಿ ಬರೆದು ಹಾಕಿ. ಊರಿನವರಿಗೆಂದು ಒಂದು ಪಾಲು ತೆಗೆದಿಟ್ಟು, ಸಾಲಿಲ್ಲದೆ, ಹೆಸರು ಬರೆಸಿ ಚೀಟಿ ಎತ್ತಿ ಕೊಡಿ; ಪಾಳಿ ಮುಗಿಸಿ ರಾತ್ರಿ ಬರುವವರಿಗೂ ಸಿಗಲಿ. ಉಳಿದದ್ದನ್ನು ಧಾರಾಳವಾಗಿ ನ್ಯೂಯಾರ್ಕಿಗೆ ಕಳಿಸಿ. ನನ್ನ ಅಣ್ಣನ ಬಾಯಾರಿಕೆಯ ಮೇಲೆ ನನಗೆ ಹಗೆಯಿಲ್ಲ. ಇದೊಂದನ್ನೂ ಮಾಡಲಾಗದಿದ್ದರೆ ದಯವಿಟ್ಟು ಆ ಗೋಡೆಬರಹಕ್ಕೆ ಸುಣ್ಣ ಬಳಿಯಿರಿ.

ಕುಡಿತದ ವಿಷಯಕ್ಕೆ ಇಷ್ಟೆಲ್ಲ ನ್ಯಾಯಪಂಚಾಯ್ತಿಯೇ ಎಂದು ಮೂಗು ಮುರಿಯುವವರು ಲೋಟದಲ್ಲಿ ಕಾಫಿಯನ್ನು ಇಟ್ಟುಕೊಂಡು ಯೋಚಿಸಲಿ. ದೇಶದ ಕಾಫಿಯಲ್ಲಿ ಮುಕ್ಕಾಲಿಗೆ ಹತ್ತಿರ ಬೆಳೆಯುವುದು ಕರ್ನಾಟಕ; ಅದರ ದೊಡ್ಡ ಪಾಲು ಕಡಲು ದಾಟುತ್ತದೆ. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಹಣ್ಣು ಬಿಡಿಸುವ ಹೆಂಗಸರ ಲೈನುಮನೆಯಲ್ಲಿ ಕುದಿಯುವುದು ಯಾವ ಪುಡಿ?

ಊರು ಬಿಡುವ ಮುಂಚಿನ ಕೊನೆಯ ಮಂಗಳವಾರ ಬಸ್ ಚಾಲಕರು ನನಗೊಂದು ಲೋಟ ಮಾಮೂಲಿ ಬಿಯರ್ ಕೊಡಿಸಿದರು. ಆ ಸ್ಟೌಟಿನ ರುಚಿ ಹೇಗಿತ್ತಂತೆ ಎಂದು ಕೇಳಿದರು. ಅಣ್ಣ ಬರೆದದ್ದನ್ನು ಅನುವಾದಿಸಿ ಹೇಳಿದೆ.