ವಿಭಾಗದ ಮುಖ್ಯಸ್ಥರು ಹೊಲಕ್ಕೆ ಬರಲಿ

ಧಾರವಾಡದಲ್ಲಿ ಹತ್ತಿ ಸಂಶೋಧನೆಯನ್ನು ಮುನ್ನಡೆಸಿದ ಡಾ. ಬಿ.ಎಚ್. ಕಾತರಕಿ ಅವರು 1972ರಲ್ಲಿ ‘ವರಲಕ್ಷ್ಮಿ’ಯನ್ನೂ 1981ರಲ್ಲಿ ‘ಡಿಸಿಎಚ್-32’ ತಳಿಯನ್ನೂ ರೈತರ ಕೈಗಿತ್ತರು. ನಡುವೆ ಒಂಬತ್ತು ವರ್ಷ. ತಳಿಯ ಕೆಲಸ ಒಂದೆರಡು ಹಂಗಾಮಿನಲ್ಲಿ ಮುಗಿಯುವುದಲ್ಲ. ವಿಭಾಗದ ಮುಖ್ಯಸ್ಥರ ಹುದ್ದೆ ಬರೀ ಸರದಿಯ ಕುರ್ಚಿಯಾದರೆ ಹಿಡಿದ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಆಗ ನಷ್ಟ ರೈತನಿಗೇ. ಬೀಜಕ್ಕೆ ಕಂಪನಿಗಳ ಮುಖ ನೋಡಬೇಕಾಗುತ್ತದೆ.

1986ರಲ್ಲಿ ಧಾರವಾಡಕ್ಕೆ ತನ್ನದೇ ಕೃಷಿ ವಿಶ್ವವಿದ್ಯಾಲಯ ಬಂತು. ಅಲ್ಲಿ ಮುಖ್ಯಸ್ಥರನ್ನು ಆರಿಸುವಾಗ ಸೇವಾ ಹಿರಿತನದ ಜೊತೆಗೆ ಹೊಲದ ಕೆಲಸವನ್ನೂ ತೂಗಬೇಕು. ಸಾಕಷ್ಟು ಅವಧಿಯನ್ನೂ ಕೊಡಬೇಕು. ಹಂಗಾಮಿಗೊಮ್ಮೆ ಅವರು ಹಾನಗಲ್ಲಿನ ಭತ್ತದ ಗದ್ದೆಗೂ, ಶಿಗ್ಗಾಂವಿ-ಸವಣೂರಿನ ಹತ್ತಿ ಹೊಲಕ್ಕೂ, ಹಿರೇಕೆರೂರಿನ ಗೋವಿನಜೋಳದ ಹೊಲಕ್ಕೂ ಬರಲಿ. ರೈತ ಬಾಂಧವರೂ ಕೈಕಟ್ಟಿ ಕೂಡದೆ, ಬೆಳೆಯ ತೊಂದರೆಗಳನ್ನು ಬರೆದಿಟ್ಟು ಅವರ ಮುಂದಿಡಬೇಕು.